ಪೋಡಿನ ಪ್ರಶ್ನೆ, ಹುಳುಮನೆಯ ಪ್ರಶ್ನೆ



ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಿಂದ ಬಂದು ಪದವಿಯ ಕೊನೆಯ ವರ್ಷದಲ್ಲಿರುವ ಮಕ್ಕಳ ಜೊತೆ ಇವತ್ತು ಮಾತಾಡಬೇಕೆಂದಿದ್ದೇನೆ. ಎಂ.ಎ., ಎಂ.ಎಸ್ಸಿ., ಎಂ.ಎಸ್.ಡಬ್ಲ್ಯು. ಓದುತ್ತ ಕೊನೆಯ ಸೆಮಿಸ್ಟರಿಗೆ ಕಾಲಿಟ್ಟವರೂ ಇದರಲ್ಲಿ ಸೇರಿದ್ದಾರೆ. ಅವರ ಅಪ್ಪ ಅಮ್ಮಂದಿರೂ ರೇಡಿಯೋ ಹತ್ತಿರ ಕೂತಿದ್ದರೆ ಇನ್ನೂ ಸಂತೋಷ, ಏಕೆಂದರೆ ನಾನು ಹೇಳುವುದರಲ್ಲಿ ಅರ್ಧ ಪಾಲು ಅವರಿಗೆ ಸೇರಿದ್ದು. ಮಾತಿನ ವಿಷಯ ಕಿರು ಸಂಶೋಧನಾ ಪ್ರಬಂಧ. ಮಕ್ಕಳ ಬಾಯಲ್ಲಿ ಅದಕ್ಕೆ ಪ್ರಾಜೆಕ್ಟ್ ಎಂದೇ ಹೆಸರು.

ಈ ಪ್ರಾಜೆಕ್ಟಿಗೆ ವಿಷಯ ಆರಿಸುವ ದಿನಗಳಲ್ಲಿ ಏನು ನಡೆಯುತ್ತದೆ ಎಂಬುದು ಕಾಲೇಜು ಕಂಡವರಿಗೆಲ್ಲ ಗೊತ್ತು. ಹಿಂದಿನ ವರ್ಷದವರು ಮಾಡಿದ ಪಟ್ಟಿಯನ್ನು ತರಿಸಿಕೊಂಡು ನೋಡುತ್ತಾರೆ. ಮಹಿಳೆಯರ ಸಬಲೀಕರಣದಲ್ಲಿ ಸ್ವಸಹಾಯ ಸಂಘಗಳ ಪಾತ್ರ, ಒಂದು ಅಧ್ಯಯನ. ಬ್ಯಾಂಕ್ ಗ್ರಾಹಕರ ತೃಪ್ತಿ, ಒಂದು ಅಧ್ಯಯನ. ಊರಿನ ಹೆಸರು ಬದಲಾಯಿಸಿದರೆ ಹೊಸ ವಿಷಯ ಸಿದ್ಧ. ಬರೆಯುವ ತೊಂದರೆಯೂ ಬೇಡವೆಂದವರಿಗೆ ಹಣ ತೆಗೆದುಕೊಂಡು ಪೂರಾ ಪ್ರಬಂಧವನ್ನೇ ಕೊಡುವ ಅಂಗಡಿಗಳು ಎಲ್ಲ ಊರುಗಳಲ್ಲೂ ಹುಟ್ಟಿಕೊಂಡಿವೆ. ಕಪ್ಪು ರಟ್ಟು, ಅದರ ಮೇಲೆ ಚಿನ್ನದ ಬಣ್ಣದ ಅಕ್ಷರ, ಒಳಗೆ ಯಾರದೋ ಮಾತು. ಇದನ್ನು ಕಂಡಾಗ ನನಗೆ ಕೋಪಕ್ಕಿಂತ ಸಂಕಟವಾಗುತ್ತದೆ. ಸಂಶೋಧನೆಗೆ ಎಷ್ಟು ತೋಡಿದರೂ ಮುಗಿಯದ ವಿಷಯಗಳಿರುವ ನಾಡಿನಲ್ಲಿ ಹುಟ್ಟಿ, ಆ ವಿಷಯಗಳ ನಡುವೆಯೇ ಉಂಡು ಮಲಗಿ ಬೆಳೆದ ಹುಡುಗ ಹುಡುಗಿಯರು, ಎಲ್ಲಿಯದೋ ಪಟ್ಟಿಯಿಂದ ವಿಷಯವನ್ನು ಎರವಲು ತರುತ್ತಿದ್ದಾರೆ.

ನಾನು ಕೇಳಿಕೊಳ್ಳುವುದು ಇಷ್ಟು. ನಿಮ್ಮ ಮನೆಯಲ್ಲಿ, ಕೇರಿಯಲ್ಲಿ, ಪೋಡಿನಲ್ಲಿ, ಅಂದರೆ ಬೆಟ್ಟದ ಸೋಲಿಗ ಬುಡಕಟ್ಟಿನವರ ಹಾಡಿಯಲ್ಲಿ, ನಿಮ್ಮನ್ನು ಕಾಡಿದ ಒಂದು ಪ್ರಶ್ನೆಯನ್ನೇ ಪ್ರಬಂಧಕ್ಕೆ ತನ್ನಿ. ನಾಳೆ ನೀವು ಹಿಡಿಯಬೇಕೆಂದಿರುವ ಕೆಲಸಕ್ಕೆ ಅದು ದಾರಿಯಾಗುವಂತೆ ನೋಡಿಕೊಳ್ಳಿ. ತಂದ ಮೇಲೆ, ಆ ಪ್ರಶ್ನೆಗೆ ನಿಮಗೆ ಮೊದಲೇ ಗೊತ್ತಿದೆ ಅನ್ನಿಸುವ ಉತ್ತರವನ್ನು ಸುಮ್ಮನೆ ನಂಬದೆ ಪರೀಕ್ಷೆಗೆ ಒಡ್ಡಿ. ಈ ಮೂರೂ ಕೂಡಿದ ಉದಾಹರಣೆಯನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಿಲ್ಲ. ಯಳಂದೂರಿನಿಂದ ಬೆಟ್ಟದ ಬಸ್ಸು ಹತ್ತಿದರೆ ಸಾಕು.

ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ವನ್ಯಜೀವಿಧಾಮವಾಯಿತು. ಅಲ್ಲಿಯವರೆಗೆ ಸೋಲಿಗರು ಕಾಡಿನೊಳಗೆ ಜಾಗ ಬದಲಿಸುತ್ತ ರಾಗಿ, ಜೋಳ, ಅವರೆ ಬೆಳೆಯುತ್ತಿದ್ದರು. ಬೇಸಿಗೆ ಏರುವ ಮೊದಲೇ, ನೆಲದ ಮೇಲಿನ ಒಣ ಎಲೆ ಮಾತ್ರ ಉರಿದುಹೋಗುವಂತೆ ಸಣ್ಣ ಬೆಂಕಿ ಹಾಕುತ್ತಿದ್ದರು. ಅದನ್ನು ಅವರು ತರಗು ಬೆಂಕಿ ಎನ್ನುತ್ತಾರೆ. ಅಭಯಾರಣ್ಯವಾದ ಮೇಲೆ ಬೇಸಾಯ ನಿಂತಿತು, ಬೇಟೆ ನಿಂತಿತು, ತರಗು ಬೆಂಕಿಯೂ ನಿಂತಿತು. ಚದುರಿದ್ದ ಜನರನ್ನು ರಸ್ತೆ ಬದಿಯ ಪೋಡುಗಳಿಗೆ ತಂದು ನೆಲೆ ನಿಲ್ಲಿಸಿದರು. ಆಮೇಲಿನ ವರ್ಷಗಳಲ್ಲಿ ಹಿರಿಯ ಸೋಲಿಗರು ಒಂದು ಮಾತನ್ನು ಮತ್ತೆ ಮತ್ತೆ ಹೇಳತೊಡಗಿದರು. ಬೆಂಕಿ ನಿಂತ ಮೇಲೆ ಲಂಟಾನದ ಪೊದೆ ಹಬ್ಬಿತು, ಹುಲ್ಲು ಹೋಯಿತು, ನೆಲ್ಲಿಮರಗಳ ಮೇಲೆ ಬಂದಳಿಕೆ ಜಾಸ್ತಿಯಾಯಿತು, ಮರಗಳು ಸಾಯುತ್ತಿವೆ ಎಂಬುದು ಆ ಮಾತು.

ಪುಸ್ತಕ ಓದಿದವರ ಎಣಿಕೆ ಬೇರೆ ಇತ್ತು. ಕಾಡಿಗೆ ಬೆಂಕಿ ಬಿದ್ದರೆ ಬಯಲಾದ ಜಾಗದಲ್ಲಿ ಲಂಟಾನ ಹುಟ್ಟುತ್ತದೆ, ಒಣಗಿದ ಲಂಟಾನ ಮತ್ತೆ ಬೆಂಕಿಯನ್ನು ಹೆಚ್ಚಿಸುತ್ತದೆ, ಹೀಗೆ ಒಂದು ಇನ್ನೊಂದನ್ನು ಬೆಳೆಸುತ್ತ ಹೋಗುತ್ತದೆ ಎಂಬ ಊಹೆಯನ್ನು ಸಂಶೋಧಕರಾದ ಅಂಕಿಲಾ ಹಿರೇಮಠ ಮತ್ತು ಭರತ್ ಸುಂದರಂ 2005ರಲ್ಲಿ ಒಂದು ಲೇಖನದಲ್ಲಿ ಮುಂದಿಟ್ಟರು. ನನಗೆ ಮೆಚ್ಚುಗೆಯಾದದ್ದು ಆಮೇಲೆ ಅವರು ನಡೆದುಕೊಂಡ ರೀತಿ. ಬಿಳಿಗಿರಿಯ ಕಾಡಿನಲ್ಲಿ 1997ರಲ್ಲಿ ಅಳೆದಿದ್ದ ಜಾಗಗಳನ್ನೇ 2008ರಲ್ಲಿ ಮತ್ತೆ ಅಳೆದರು. ಆ ಹನ್ನೊಂದು ವರ್ಷಗಳಲ್ಲಿ ಲಂಟಾನ ಕಾಣಿಸಿಕೊಂಡ ಜಾಗಗಳ ಪಾಲು ಸುಮಾರು ಎರಡರಷ್ಟಾಗಿತ್ತು. ಅದರ ಜೊತೆಗೆ ಸೋಲಿಗ ಹಿರಿಯರನ್ನು ಕೂರಿಸಿಕೊಂಡು, ಲಂಟಾನ ಯಾವಾಗ ಬಂತು, ಹೇಗೆ ಹಬ್ಬಿತು, ಯಾವ ಬೆಂಕಿ ಏನು ಮಾಡುತ್ತಿತ್ತು ಎಂದು ಕೇಳಿ ದಾಖಲಿಸಿದರು. ಚಳಿಗಾಲ ಮುಗಿಯುವಾಗ ಹಾಕುವ ಸಣ್ಣ ಬೆಂಕಿ ಬೇರೆ, ಕಡು ಬೇಸಿಗೆಯಲ್ಲಿ ಬೀಳುವ ಕಾಳ್ಗಿಚ್ಚು ಬೇರೆ ಎಂಬ ಸೋಲಿಗರ ತಿಳಿವಳಿಕೆ 2012ರ ಹೊತ್ತಿಗೆ ವಿಜ್ಞಾನದ ಪತ್ರಿಕೆಯಲ್ಲಿ ಜಾಗ ಪಡೆಯಿತು. ನೆಲ್ಲಿಮರದ ಬಂದಳಿಕೆಯ ಬಗ್ಗೆ ಲೂಸಿ ರಿಸ್ಟ್ ಮತ್ತು ಜೊತೆಗಾರರು ಮಾಡಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಅದರಲ್ಲೂ ಸೋಲಿಗರ ಮಾತನ್ನು ಪಕ್ಕಕ್ಕೆ ಸರಿಸದೆ, ಪರೀಕ್ಷಿಸಬೇಕಾದ ಊಹೆ ಎಂದು ಎತ್ತಿಕೊಂಡರು.

ಈ ಕೆಲಸ ನಡೆಯುತ್ತಿದ್ದಾಗ ಇದರ ಒಳಗೇ ಒಬ್ಬ ಸೋಲಿಗರಿದ್ದರು, ಸಿ. ಮಾದೇಗೌಡರು. ಬೆಟ್ಟದಲ್ಲೇ ಹುಟ್ಟಿ ಬೆಳೆದವರು. ಸೋಲಿಗ ಅಭಿವೃದ್ಧಿ ಸಂಘದ ಮುಂದಾಳು. ಅಶೋಕ ಪರಿಸರ ಸಂಶೋಧನಾ ಸಂಸ್ಥೆ, ಎಲ್ಲರೂ ಏಟ್ರೀ ಎಂದು ಕರೆಯುವ ಸಂಸ್ಥೆಯಲ್ಲಿ ಸಂಶೋಧಕರಾಗಿ ದುಡಿದವರು. ಸೋಲಿಗರಲ್ಲಿ ಡಾಕ್ಟರೇಟ್ ಪಡೆದ ಮೊದಲಿಗರು. ನೆಲ್ಲಿಕಾಯಿಯನ್ನು ಮರಕ್ಕೆ ಪೆಟ್ಟಾಗದಂತೆ ಎಷ್ಟು ಕೊಯ್ಯಬಹುದು ಎಂಬುದನ್ನು ಸೋಲಿಗರೇ ಅಳೆದು ನೋಡುವ ಪ್ರಯೋಗದ ಬಗ್ಗೆ 2008ರಲ್ಲಿ ಒಂದು ಲೇಖನ ಬಂತು. ಅದರ ಲೇಖಕರ ಸಾಲಿನಲ್ಲಿ ಮಾದೇಗೌಡರ ಹೆಸರೂ ಇದೆ. ಮರುವರ್ಷ, 2009ರಲ್ಲಿ, ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ ಪತ್ರಿಕೆಯಲ್ಲಿ ಅವರು ತಮ್ಮ ಜನರ ಸಾಂಪ್ರದಾಯಿಕ ಜ್ಞಾನ ಮತ್ತು ಕಾಡಿನ ಸಂರಕ್ಷಣೆಯ ಬಗ್ಗೆ ತಮ್ಮ ಹೆಸರಿನಲ್ಲೇ ಬರೆದರು. ದೇಶದ ಅರ್ಥಶಾಸ್ತ್ರಜ್ಞರು, ಸಮಾಜಶಾಸ್ತ್ರಜ್ಞರು ಓದುವ ಪತ್ರಿಕೆ ಅದು. ಪೋಡಿನಲ್ಲಿ ಒಲೆ ಮುಂದೆ ಕೂತು ಕೇಳಿಸಿಕೊಂಡ ಮಾತು ಅಲ್ಲಿಯವರೆಗೂ ಹೋಯಿತು.

ಬೆಟ್ಟದಲ್ಲಿ ನಡೆದ ಅಧ್ಯಯನಗಳಲ್ಲಿ ನಕ್ಷೆಯ ಕೆಲಸವನ್ನು ವಿಶೇಷವಾಗಿ ಹೇಳಬೇಕು. ಸೋಲಿಗರ ಪ್ರತಿಯೊಂದು ಕುಲಕ್ಕೂ ಕಾಡಿನಲ್ಲಿ ಒಂದು ಎಲ್ಲೆ ಉಂಟು. ಆ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪೂಜೆಯ ಜಾಗಗಳಿರುತ್ತವೆ. ಕಲ್ಲುಗುಡಿ ಎಂದರೆ ಹಿರಿಯರನ್ನು ಮಣ್ಣು ಮಾಡಿದ ಜಾಗ, ಅಬ್ಬಿ ಎಂದರೆ ನೀರಿನ ನೆಲೆ. ಸೋಲಿಗರು ಮತ್ತು ಏಟ್ರೀಯ ಸಂಶೋಧಕರು ಒಟ್ಟಿಗೆ ಕಾಡು ಸುತ್ತಿ ಈ ಜಾಗಗಳನ್ನು ಒಂದೊಂದಾಗಿ ಗುರುತಿಸಿ ನಕ್ಷೆಗೆ ಏರಿಸಿದರು. ಸುಶ್ಮಿತಾ ಮಂಡಲ್, ನಿತಿನ್ ರೈ, ಮಾದೇಗೌಡರು ಕೂಡಿ ಅದರ ಬಗ್ಗೆ ಬರೆದರು. 2011ರ ಜನವರಿಯಲ್ಲಿ ಬಿಳಿಗಿರಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಜನರಿಗೆ ಮತ್ತೆ ಎತ್ತಂಗಡಿಯ ಭಯ ಹುಟ್ಟಿತು. ಅದೇ ವರ್ಷ ಅಕ್ಟೋಬರ್ 2ರಂದು, ಅರಣ್ಯ ಹಕ್ಕು ಕಾಯ್ದೆಯ ಅಡಿಯಲ್ಲಿ ಪೋಡುಗಳ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕಿನ ಪತ್ರಗಳು ದೊರೆತವು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಇಂತಹ ಹಕ್ಕು ದೇಶದಲ್ಲೇ ಸಿಕ್ಕಿದ್ದು ಅದೇ ಮೊದಲು. ಹೋರಾಟ, ಕಾನೂನು, ಸಂಘಟನೆ ಎಲ್ಲವೂ ಅದರ ಹಿಂದಿದ್ದವು. ನಮ್ಮ ಜಾಗ ಇದು ಎಂದು ತೋರಿಸಲು ಕೈಯಲ್ಲಿ ನಕ್ಷೆಯೂ ಬರಹವೂ ಇದ್ದದ್ದು ಸಣ್ಣ ಬಲವಲ್ಲ.

ಆ ಕಾಡಿನಲ್ಲಿ ಸಿಕ್ಕ ಹೊಸ ಕಣಜದ ಕುಲವೊಂದಕ್ಕೆ 2022ರಲ್ಲಿ ವಿಜ್ಞಾನಿಗಳು ಸೋಲಿಗ ಎಂದೇ ಹೆಸರಿಟ್ಟರು. ಅದಕ್ಕೂ ಮೊದಲು ಒಂದು ಪುಟ್ಟ ಕಪ್ಪೆಗೆ ಆ ಹೆಸರು ಸಂದಿತ್ತು. ಸೋಲಿಗರ ಹೆಸರು ವಿಜ್ಞಾನದ ಪುಸ್ತಕಗಳಿಗೆ ಸೇರಿದ್ದು ಸಂತೋಷದ ಸಂಗತಿ. ಸೋಲಿಗ ಹುಡುಗ ಹುಡುಗಿಯರು ಆ ಪುಸ್ತಕಗಳನ್ನು ಬರೆಯುವವರೂ ಆಗಬೇಕು ಎಂಬುದು ನನ್ನ ಆಸೆ. ಪೋಡಿನಿಂದ ಬಂದು ಪದವಿ ಓದುತ್ತಿರುವ ವಿದ್ಯಾರ್ಥಿಗೆ, ತನ್ನ ಅಜ್ಜಿಗೆ ಗೊತ್ತಿರುವ ಗೆಡ್ಡೆಗಳ ಹೆಸರು, ಅವು ಸಿಗುವ ಜಾಗ, ಅಗೆಯುವ ಕಾಲ ಇವನ್ನು ಬರೆದಿಡುವುದಕ್ಕಿಂತ ದೊಡ್ಡ ಪ್ರಾಜೆಕ್ಟ್ ಯಾವ ಪಟ್ಟಿಯಲ್ಲೂ ಸಿಗದು.

ಈಗ ಬೆಟ್ಟದಿಂದ ಇಳಿದು ಕೊಳ್ಳೇಗಾಲಕ್ಕೆ ಬರೋಣ. 1956ರ ನವೆಂಬರ್ 1ರವರೆಗೆ ಈ ತಾಲ್ಲೂಕು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆ ದೊಡ್ಡ ಪ್ರಾಂತ್ಯದಲ್ಲಿ ರೇಷ್ಮೆ ಎಂದರೆ ಕೊಳ್ಳೇಗಾಲವೇ. ಹಿಪ್ಪುನೇರಳೆ ತೋಟ, ಹುಳುಮನೆ, ನೂಲು ತೆಗೆಯುವ ಒಲೆ, ಮಗ್ಗ, ಎಲ್ಲವೂ ಇಲ್ಲೇ. ಈ ಕಡೆಯ ಎಷ್ಟೋ ಮಕ್ಕಳ ಶಾಲೆಯ ಫೀಸು ಗೂಡಿನ ದುಡ್ಡಿನಿಂದಲೇ ಕಟ್ಟಿದ್ದು. ಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದ ಮೇಲೆ ಮನೆಯವರಿಗೆ ನಿದ್ದೆ ಇಲ್ಲ ಎಂಬುದು ಆ ಮಕ್ಕಳಿಗೆ ಗೊತ್ತು. ಒಂದು ಬೆಳೆ ತಿನ್ನುವ ಒಟ್ಟು ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಆ ಕೊನೆಯ ಹಂತದಲ್ಲೇ ಖರ್ಚಾಗುತ್ತದೆ. ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಗೆ ಬಿಡುವ ದಿನ ಶಾಲೆಗೆ ಹೋಗದೆ ಮನೆಯಲ್ಲಿ ಉಳಿದ ಮಕ್ಕಳೂ ಇದ್ದಾರೆ.

ಅಂತಹ ಮನೆಯ ಒಬ್ಬ ಹುಡುಗಿ ಪ್ರಾಣಿಶಾಸ್ತ್ರವನ್ನೋ ರೇಷ್ಮೆಶಾಸ್ತ್ರವನ್ನೋ ಓದುತ್ತಿದ್ದಾಳೆ ಎಂದಿಟ್ಟುಕೊಳ್ಳಿ. ಮಳೆಗಾಲದ ಬೆಳೆ ಅವಳ ಮನೆಯಲ್ಲಿ ಪದೇ ಪದೇ ಕೈಕೊಡುತ್ತದೆ. ಅಪ್ಪ ಹೇಳುತ್ತಾರೆ, ಸೊಪ್ಪು ಸರಿ ಇರಲಿಲ್ಲ ಎಂದು. ಅಮ್ಮ ಹೇಳುತ್ತಾರೆ, ಮೊಟ್ಟೆಯೇ ಸರಿ ಇರಲಿಲ್ಲ ಎಂದು. ಪಕ್ಕದ ಮನೆಯವರು, ಯಾರದೋ ಕಣ್ಣು ಬಿತ್ತು ಎನ್ನುತ್ತಾರೆ. ಹುಡುಗಿಗೆ ಪ್ರಶ್ನೆ ಸಿಕ್ಕಿತು. ಉತ್ತರ ಇನ್ನೂ ಸಿಕ್ಕಿಲ್ಲ. ಸತ್ತ ಹುಳುವನ್ನು ನೋಡಿ ಇದು ಹಾಲುತೊಂಡೆಯೋ, ಸಪ್ಪೆ ರೋಗವೋ, ಸುಣ್ಣಕಟ್ಟೋ ಎಂದು ಬೇರ್ಪಡಿಸಬೇಕು. ಚಾಕಿ ಹುಳುವಿಗೆ, ಅಂದರೆ ಎಳೆಯ ಹುಳುವಿಗೆ, 26ರಿಂದ 28 ಡಿಗ್ರಿ ಸೆಲ್ಸಿಯಸ್ ಶಾಖ, ಗಾಳಿಯಲ್ಲಿ ನೂರಕ್ಕೆ 80ರಿಂದ 90ರಷ್ಟು ತೇವ ಬೇಕು. ದೊಡ್ಡ ಹುಳುವಿಗೆ 24-25 ಡಿಗ್ರಿ ಶಾಖ, 70ರಷ್ಟು ತೇವ ಸಾಕು. ಮಳೆಗಾಲದಲ್ಲಿ ಅವರ ಹುಳುಮನೆಯಲ್ಲಿ ಎಷ್ಟಿರುತ್ತದೆ? ಒಂದು ಸಾಮಾನ್ಯ ತೇವಮಾಪಕ ನೇತುಹಾಕಿ, ಹೊತ್ತು ಹೊತ್ತಿಗೆ ನೋಟ್‌ಬುಕ್ಕಿನಲ್ಲಿ ಬರೆದು, ಅದೇ ಬೀದಿಯ ಇನ್ನಷ್ಟು ಮನೆಗಳಲ್ಲೂ ಹಾಗೆಯೇ ಬರೆದು, ಚೆನ್ನಾಗಿ ಗೂಡು ಬಂದ ಮನೆಗೂ ಬಾರದ ಮನೆಗೂ ಏನು ವ್ಯತ್ಯಾಸ ಎಂದು ಹೋಲಿಸಿದರೆ ಅದು ಸಂಶೋಧನೆ. ಅಪ್ಪ ಹೇಳಿದ್ದು ತಪ್ಪು ಎಂದು ತೋರಬಹುದು, ಅವಳು ಅಂದುಕೊಂಡದ್ದೂ ತಪ್ಪು ಎಂದು ತೋರಬಹುದು. ಎರಡನ್ನೂ ಹಾಗೇ ಬರೆಯುವ ಧೈರ್ಯ ಬೇಕು.

ಈ ಮಾತಿಗೆ ರೇಷ್ಮೆಯ ಇತಿಹಾಸದಲ್ಲೇ ದೊಡ್ಡ ಸಾಕ್ಷಿ ಇದೆ. ಗಂಟು ರೋಗ, ಅಂದರೆ ಪೆಬ್ರಿನ್, ಹತ್ತೊಂಬತ್ತನೇ ಶತಮಾನದ ನಡುವೆ ಫ್ರಾನ್ಸಿನ ರೇಷ್ಮೆ ಬೆಳೆಗಾರರನ್ನು ಬೀದಿಗೆ ತಂದಿತ್ತು. ಅದನ್ನು ಶೋಧಿಸಲು 1865ರಲ್ಲಿ ಲೂಯಿ ಪ್ಯಾಸ್ಚರ್ ದಕ್ಷಿಣದ ಆಲೆಸ್ ಎಂಬ ಊರಿಗೆ ಹೋದರು. ಅವರು ಅದಕ್ಕೆ ಮೊದಲು ರೇಷ್ಮೆಹುಳುವನ್ನು ಮುಟ್ಟಿದವರಲ್ಲ. ಸ್ವಂತ ಅನುಭವ ಇಲ್ಲದವರೂ ಸಂಶೋಧನೆ ಮಾಡಬಹುದಲ್ಲ ಎಂದು ನೀವು ಕೇಳಿದರೆ, ಹೌದು, ಮಾಡಬಹುದು. ಆದರೆ ಅವರು ಅಲ್ಲಿಗೆ ಹೋಗಿ ಹುಳು ಸಾಕುವುದರಿಂದಲೇ ಆರಂಭಿಸಿದರು, ಹೆಂಡತಿ, ಸಹಾಯಕರು ಎಲ್ಲರೂ ಆ ಕೆಲಸಕ್ಕೆ ನಿಂತರು. ನಮ್ಮ ಹುಡುಗಿಗೆ ಆ ಕಲಿಕೆ ಮನೆಯಲ್ಲೇ ಆಗಿಹೋಗಿದೆ, ಅವಳು ಅಷ್ಟು ದೂರ ಮುಂದೆ ನಿಂತಿದ್ದಾಳೆ. ಇನ್ನೊಂದು ಸಂಗತಿ. ಹುಳುವಿನ ಒಡಲಲ್ಲಿ ಕಾಣುವ ಸೂಕ್ಷ್ಮ ಕಣಗಳು ರೋಗದ ಕಾರಣವಲ್ಲ, ರೋಗದಿಂದ ಹುಟ್ಟುವ ವಸ್ತು ಎಂದು ಪ್ಯಾಸ್ಚರ್ ಮೊದಲ ವರ್ಷಗಳಲ್ಲಿ ತಿಳಿದಿದ್ದರು. ಪ್ರಯೋಗಗಳು ಬೇರೆ ಹೇಳಿದಾಗ ಅಭಿಪ್ರಾಯ ಬದಲಿಸಿದರು. ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಕಣ ಕಂಡರೆ ಆ ಮೊಟ್ಟೆಗಳನ್ನು ಸುಟ್ಟುಬಿಡುವ ಅವರ ಪದ್ಧತಿ ಇವತ್ತಿಗೂ ನಮ್ಮ ಬಿತ್ತನೆ ಕೋಠಿಗಳಲ್ಲಿ ನಡೆಯುತ್ತಿದೆ. ಕೊಳ್ಳೇಗಾಲದ ರೈತ ತರುವ ರೋಗರಹಿತ ಮೊಟ್ಟೆಯ ಹಿಂದೆ ಆ ಬದಲಾದ ಅಭಿಪ್ರಾಯ ಇದೆ.

ಈ ಹುಡುಗಿಗೆ ಮುಂದೆ ಏನಾಗಬೇಕೆಂದಿದೆ? ಚಾಕಿ ಸಾಕಣೆ ಕೇಂದ್ರ ತೆರೆಯುವ ಆಸೆ ಇದ್ದರೆ ಈ ಪ್ರಬಂಧವೇ ಅವಳ ಮೊದಲ ಬಂಡವಾಳ. ರೇಷ್ಮೆ ಇಲಾಖೆಯ ಪರೀಕ್ಷೆ ಬರೆಯಬೇಕೆಂದಿದ್ದರೆ ಅಲ್ಲಿ ಕೇಳುವುದರಲ್ಲಿ ಬಹುಪಾಲನ್ನು ಅವಳು ಕೈಯಾರೆ ಮಾಡಿರುತ್ತಾಳೆ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ 1961ರಿಂದ ಇದೆ, ಇಲ್ಲಿಂದ ಹೆಚ್ಚು ದೂರವೂ ಅಲ್ಲ. ಅಲ್ಲಿಗೆ ಹೋಗಿ ಒಬ್ಬ ವಿಜ್ಞಾನಿಯನ್ನು ಕಂಡು ಮಾತಾಡಲು ಅವಳ ಕೈಯಲ್ಲಿ ತನ್ನದೇ ಲೆಕ್ಕದ ಪುಸ್ತಕ ಇರುತ್ತದೆ. 1980ರಲ್ಲಿ ಊಜಿ ನೊಣ ಕರ್ನಾಟಕಕ್ಕೆ ಬಂದು ಹುಳುಮನೆಗಳನ್ನು ಹಾಳು ಮಾಡಿದಾಗ, ಕಿಟಕಿಗೆ ಬಲೆ ಕಟ್ಟುವುದರಿಂದ ಹಿಡಿದು ಆ ನೊಣದ ಕೋಶವನ್ನೇ ತಿನ್ನುವ ಪರಜೀವಿ ಕಣಜವನ್ನು ಬಿಡುವವರೆಗೆ ಉಪಾಯಗಳು ಹುಟ್ಟಿದವು. ಅಂತಹ ಉಪಾಯ ರೈತನ ಮನೆಯಲ್ಲಿ ನಿಜವಾಗಿ ಎಷ್ಟು ಬಳಕೆಯಲ್ಲಿದೆ, ಬಳಸದಿದ್ದರೆ ಯಾಕೆ ಎಂದು ಕೇಳಿ ಬರೆಯುವ ಕೆಲಸ ಇನ್ನೂ ಉಳಿದಿದೆ.

ಎಂ.ಎ. ಮಟ್ಟದ ಪ್ರಬಂಧ ಯಾರು ಓದುತ್ತಾರೆ ಎಂದು ಕೆಲವರು ಕೇಳುತ್ತಾರೆ. ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸರು ಮಹಾರಾಜ ಕಾಲೇಜಿನಲ್ಲಿ ಓದಿ ಮುಂಬಯಿಗೆ ಹೋಗಿ ಜಿ.ಎಸ್. ಘುರ್ಯೆಯವರ ಕೈಕೆಳಗೆ ಎಂ.ಎ.ಗೆ ಬರೆದದ್ದು ತಮ್ಮ ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬದ ಬಗ್ಗೆ. 1942ರಲ್ಲಿ ಅದು ಪುಸ್ತಕವಾಗಿ ಬಂತು. ಭಾರತದ ಸಮಾಜಶಾಸ್ತ್ರದ ದೊಡ್ಡ ಹೆಸರು ಆರಂಭವಾದದ್ದು ಒಂದು ಎಂ.ಎ. ಪ್ರಬಂಧದಿಂದ, ಅದೂ ಮನೆಯ ಹತ್ತಿರದ ವಿಷಯದಿಂದ.

ಇನ್ನು ಆರೋಗ್ಯದ ವಿಷಯ. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಮಾತಾಡಬೇಕು. ಡಾ. ಎಚ್. ಸುದರ್ಶನ್ ಅವರು ಬಾಲಕನಾಗಿದ್ದಾಗ, ಹಳ್ಳಿಯಲ್ಲಿ ವೈದ್ಯರ ನೆರವು ಸಿಗದೆ ತಂದೆ ತೀರಿಕೊಂಡದ್ದನ್ನು ಕಣ್ಣಾರೆ ಕಂಡವರು. ಆ ನೋವೇ ಅವರನ್ನು ವೈದ್ಯಕೀಯಕ್ಕೂ, ಓದು ಮುಗಿದ ಮೇಲೆ ಪಟ್ಟಣ ಬಿಟ್ಟು ಬಿಳಿಗಿರಿರಂಗನ ಬೆಟ್ಟಕ್ಕೂ ತಂದಿತು. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರುವಾಯಿತು. ಆಸ್ಪತ್ರೆಯ ಜೊತೆಗೆ ಶಾಲೆಯೂ ಬಂತು. ಸೋಲಿಗರಲ್ಲಿ ಸಿಕಲ್ ಸೆಲ್ ಕಾಯಿಲೆ ಇರುವುದನ್ನು ಅವರೂ ಅವರ ಜೊತೆಗಾರರೂ ಗುರುತಿಸಿ, ಚಿಕಿತ್ಸೆಗೆ ದಾರಿ ಮಾಡಿದರು. 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂದದ್ದು ಈ ಬೆಟ್ಟದ ಕೆಲಸಕ್ಕೆ.

ಸಿಕಲ್ ಸೆಲ್ ಎಂದರೆ ರಕ್ತದ ಕೆಂಪು ಕಣ ದುಂಡಗಿರದೆ ಕುಡುಗೋಲಿನಂತೆ ಬಾಗುವ, ತಂದೆ ತಾಯಿಯಿಂದ ಮಕ್ಕಳಿಗೆ ಬರುವ ಕಾಯಿಲೆ. ಭಾರತದಲ್ಲಿ ಇದು ಮೊದಲು ಪತ್ತೆಯಾದದ್ದು 1952ರಲ್ಲಿ, ನಮ್ಮ ಪಕ್ಕದ ನೀಲಗಿರಿಯ ಬುಡಕಟ್ಟು ಜನರಲ್ಲಿ. ತಂದೆ ತಾಯಿ ಇಬ್ಬರಲ್ಲೂ ಆ ಗುಣ ಅಡಗಿದ್ದರೆ, ಹುಟ್ಟುವ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಒಬ್ಬರಲ್ಲಿ ಮಾತ್ರ ಇದ್ದರೆ ಮಗುವಿಗೆ ಕಾಯಿಲೆ ಬರುವುದಿಲ್ಲ, ಗುಣ ಮಾತ್ರ ದಾಟಬಹುದು. ಕೇಂದ್ರ ಸರ್ಕಾರ 2023ರ ಜುಲೈ 1ರಂದು ಇದರ ನಿರ್ಮೂಲನ ಅಭಿಯಾನವನ್ನು ಆರಂಭಿಸಿ, 2047ರ ಗುರಿ ಇಟ್ಟುಕೊಂಡಿದೆ. ರಕ್ತ ಪರೀಕ್ಷೆ ಮಾಡಿ ಕಾರ್ಡು ಕೊಡುತ್ತಾರೆ. ಆ ಕಾರ್ಡನ್ನು ಕೈಗೆ ಪಡೆದ ಹುಡುಗಿಗೆ ಅದರಲ್ಲಿ ಬರೆದದ್ದು ಅರ್ಥವಾಗಿದೆಯೇ? ಮದುವೆ ಮಾತು ಬಂದಾಗ ಆ ಕಾರ್ಡು ಅವಳಿಗೆ ನೆರವಾಗುತ್ತದೆಯೋ, ಕಳಂಕವಾಗುತ್ತದೆಯೋ? ಕೈಕಾಲು ನೋವಿನಿಂದ ಶಾಲೆ ಬಿಟ್ಟ ಮಕ್ಕಳು ಎಷ್ಟು? ಇವನ್ನು ಹೊರಗಿನವರು ಕೇಳಿದರೆ ಜನ ತಲೆಯಾಡಿಸಿ ಕಳಿಸುತ್ತಾರೆ. ತಮ್ಮನ ನೋವನ್ನು ರಾತ್ರಿಯೆಲ್ಲ ಒತ್ತಿ ಆರೈಕೆ ಮಾಡಿದ ಅಕ್ಕ, ಎಂ.ಎಸ್.ಡಬ್ಲ್ಯು. ವಿದ್ಯಾರ್ಥಿನಿಯಾಗಿಯೋ ನರ್ಸಿಂಗ್ ವಿದ್ಯಾರ್ಥಿನಿಯಾಗಿಯೋ ಬಂದು ಕೇಳಿದರೆ ಬಾಗಿಲು ತೆರೆಯುತ್ತದೆ.

ಬಾಗಿಲು ತೆರೆಯುತ್ತದೆ ಎಂಬುದರಿಂದಲೇ ಹೊಣೆ ಹೆಚ್ಚು. ನಿಮ್ಮನ್ನು ಮನೆಮಗಳೆಂದು ನಂಬಿ ಹೇಳಿದ ಮಾತು, ಪ್ರಬಂಧದಲ್ಲಿ ಹೆಸರಿನೊಂದಿಗೆ ಅಚ್ಚಾದರೆ ಅದು ದ್ರೋಹ. ಮೊದಲು ಹೇಳಿ: ದೊಡ್ಡಮ್ಮ, ನಾನು ಇದನ್ನು ಕಾಲೇಜಿಗೆ ಬರೆಯುತ್ತಿದ್ದೇನೆ, ನಿಮ್ಮ ಹೆಸರು ಹಾಕುವುದಿಲ್ಲ, ಬೇಡ ಎಂದರೆ ಬರೆಯುವುದೇ ಇಲ್ಲ. ಬೇಡ ಎಂದರೆ ನಿಜವಾಗಿಯೂ ಬಿಟ್ಟುಬಿಡಿ. ಪೋಡಿನಲ್ಲಿ ಮಾತಾಡುವ ಮೊದಲು ಯಜಮಾನರನ್ನು ಕಂಡು ಹೇಳಿ. ರಕ್ಷಿತಾರಣ್ಯದ ಒಳಗೆ ಕೆಲಸ ಮಾಡಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು, ಅದಕ್ಕೆ ತಿಂಗಳುಗಳು ಹಿಡಿಯಬಹುದು. ಸೆಮಿಸ್ಟರಿನ ಕೊನೆಗೆ ಅರ್ಜಿ ಕೊಟ್ಟರೆ ಆಗುವುದಿಲ್ಲ.

ಹನೂರಿನ ಕಡೆಗೆ ಹೋದರೆ ಇನ್ನೂ ಕಷ್ಟದ ಪ್ರಶ್ನೆಗಳಿವೆ. ಮಲೆ ಮಹದೇಶ್ವರ ವನ್ಯಜೀವಿಧಾಮ ಘೋಷಣೆಯಾದದ್ದು 2013ರಲ್ಲಿ. ಅದರ ಹೂಗ್ಯಂ ವಲಯದಲ್ಲಿ 2025ರ ಜೂನ್‌ನಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿಗಳು ವಿಷದಿಂದ ಸತ್ತುಬಿದ್ದದ್ದನ್ನು ನಾಡೆಲ್ಲ ಕೇಳಿತು. ನಾಡು ಕೆಲವು ದಿನ ಕೋಪಿಸಿಕೊಂಡು ಮರೆಯಿತು. ಕಾಡಂಚಿನ ಹಟ್ಟಿಯಲ್ಲಿ ದನ ಮೇಯಿಸುವ ಮನೆಯಿಂದ ಬಂದ ಒಬ್ಬ ವಿದ್ಯಾರ್ಥಿ ಮರೆಯಲಾರ. ಅವನು ಹುಲಿಯನ್ನೂ ಕಂಡಿದ್ದಾನೆ, ಹುಲಿ ಹಿಡಿದ ಹಸುವಿನ ಮುಂದೆ ಅಳುವ ಅಮ್ಮನನ್ನೂ ಕಂಡಿದ್ದಾನೆ. ಒಂದು ಹಸು ಸತ್ತರೆ ಪರಿಹಾರಕ್ಕೆ ಯಾರ ಬಳಿ ಹೋಗಬೇಕು, ಎಷ್ಟು ಸಲ ಅಲೆಯಬೇಕು, ಹಣ ಬರಲು ಎಷ್ಟು ಕಾಲ, ಆ ನಡುವೆ ಮನೆಯ ಖರ್ಚು ಹೇಗೆ ನಡೆಯಿತು ಎಂಬ ಲೆಕ್ಕವನ್ನು ಹತ್ತಾರು ಮನೆಗಳಿಂದ ಸರಿಯಾಗಿ ಬರೆದು ತಂದರೆ, ಅರಣ್ಯಾಧಿಕಾರಿಯೂ ಓದಬೇಕಾದ ಪ್ರಬಂಧ ಅದು. ಅವನು ಮುಂದೆ ಅರಣ್ಯ ಇಲಾಖೆಗೇ ಸೇರಬೇಕೆಂದಿದ್ದರೆ ಎರಡೂ ಕಡೆಯ ಮಾತು ತಿಳಿದ ನೌಕರ ಇಲಾಖೆಗೆ ಸಿಗುತ್ತಾನೆ.

ಮಾರ್ಟಳ್ಳಿಯ ಕಡೆ ಮನೆಯಲ್ಲಿ ತಮಿಳು ಆಡಿ ಶಾಲೆಯಲ್ಲಿ ಕನ್ನಡ ಕಲಿಯುವ ಮಕ್ಕಳಿದ್ದಾರೆ. ಒಡೆಯರಪಾಳ್ಯದಲ್ಲಿ ಎಪ್ಪತ್ತರ ದಶಕದಲ್ಲಿ ನೆಲೆಗೊಂಡ ಟಿಬೆಟಿಯನ್ನರ ಶಿಬಿರವಿದೆ, ಅವರ ಜೋಳದ ಹೊಲಗಳಲ್ಲಿ ದುಡಿದ ಕನ್ನಡದ ಮನೆಗಳಿವೆ. ಬಿ.ಇಡಿ. ಮಾಡಿ ಮೇಷ್ಟರಾಗಬೇಕೆಂದಿರುವವರಿಗೆ ಪ್ರಬಂಧದ ವಿಷಯಕ್ಕೆ ಇವೆರಡೇ ಬೇಕಾದಷ್ಟಾಯಿತು. ಮಾದೇಶ್ವರನ ಹಾಡು ಹಾಡುವ ಕಂಸಾಳೆಯವರ ಮನೆಯಲ್ಲಿ ಹುಟ್ಟಿದ ಹುಡುಗನಿಗಂತೂ ನಾನು ಹೇಳಿಕೊಡಬೇಕಾದದ್ದು ಕಡಿಮೆ. ಪಿ.ಕೆ. ರಾಜಶೇಖರ ಅವರು ಮಲೆಯ ಮಾದೇಶ್ವರ ಕಾವ್ಯವನ್ನು ಹಾಡುಗಾರರಿಂದ ಕೇಳಿ ಬರೆದುಕೊಂಡು 1973ರಲ್ಲಿ ಪ್ರಕಟಿಸಿದರು. ಹೆಬ್ಬಣಿ ಮಾದಯ್ಯ ಮತ್ತು ತಂಡದವರು ಹಾಡಿದ್ದು 2001ರಲ್ಲಿ ಇಂಗ್ಲಿಷಿಗೂ ಹೋಯಿತು. ನಿನ್ನ ತಾತ ಹಾಡುವ ಸಾಲು ಆ ಪುಸ್ತಕಗಳಲ್ಲಿ ಇದೆಯೇ, ಇಲ್ಲವೇ, ಇದ್ದರೆ ಯಾವ ರೀತಿ ಬೇರೆಯಾಗಿದೆ ಎಂದು ಹೋಲಿಸಿ ನೋಡಪ್ಪ. ತಾತ ಇರುವಾಗಲೇ ನೋಡು.

ತಂದೆ ತಾಯಂದಿರಿಗೆ ಈಗ ಒಂದು ಮಾತು. ಮಗ ಮಗಳು ಬಂದು ನಿಮ್ಮನ್ನೇ ಪ್ರಶ್ನೆ ಕೇಳತೊಡಗಿದರೆ, ನಮ್ಮ ಕಷ್ಟವನ್ನು ಊರಿಗೆಲ್ಲ ಹೇಳುತ್ತೀಯಾ ಎಂದು ಗದರಬೇಡಿ. ಓದಿಸಿದ್ದು ಈ ಕಷ್ಟದಿಂದ ಹೊರಗೆ ಹೋಗಲಿ ಎಂದು, ಮತ್ತೆ ಅದರಲ್ಲೇ ಯಾಕೆ ಕೈ ಹಾಕುತ್ತಾನೆ ಎಂಬ ನಿಮ್ಮ ಅಳುಕು ನನಗೆ ಅರ್ಥವಾಗುತ್ತದೆ. ಅವರು ಹೊರಗೆ ಹೋಗಲಿ, ಬೆಂಗಳೂರಿಗೂ ಹೋಗಲಿ. ನಿಮ್ಮ ಕೈಕಸುಬಿನಲ್ಲಿ, ನಿಮ್ಮ ಮಾತಿನಲ್ಲಿ ತಿಳಿವಳಿಕೆ ಇದೆ ಎಂದು ಗೊತ್ತಾಗಿ ಹೋದರೆ ತಲೆ ಎತ್ತಿ ಹೋಗುತ್ತಾರೆ. ಸಂದರ್ಶನದಲ್ಲಿ ನಿನ್ನ ಪ್ರಾಜೆಕ್ಟ್ ಏನು ಎಂದು ಕೇಳುವವರಿಗೆ, ಕೊಂಡು ತಂದ ಪ್ರಬಂಧ ಹಿಡಿದವನು ಎರಡನೇ ಪ್ರಶ್ನೆಗೆ ತಡವರಿಸುತ್ತಾನೆ. ತಾನೇ ಅಳೆದು ಬರೆದವಳಿಗೆ ಹತ್ತನೇ ಪ್ರಶ್ನೆಗೂ ಉತ್ತರ ಇರುತ್ತದೆ.

ಮಾರ್ಗದರ್ಶಕರಾದ ಅಧ್ಯಾಪಕ ಮಿತ್ರರಲ್ಲೂ ಒಂದು ವಿನಂತಿ. ಒಬ್ಬರ ಕೈಕೆಳಗೆ ಎಷ್ಟೊಂದು ಮಕ್ಕಳಿರುತ್ತಾರೆ, ಅತಿಥಿ ಉಪನ್ಯಾಸಕರಿಗೆ ಮುಂದಿನ ವರ್ಷ ಕೆಲಸ ಉಂಟೋ ಇಲ್ಲವೋ ಎಂಬ ಚಿಂತೆ ಬೇರೆ, ಇದೆಲ್ಲ ಗೊತ್ತಿದ್ದೇ ಕೇಳುತ್ತಿದ್ದೇನೆ. ವಿಷಯದ ಪಟ್ಟಿ ಕೊಡುವ ಮೊದಲು ಪ್ರತಿ ವಿದ್ಯಾರ್ಥಿಯ ಹತ್ತಿರ ಹತ್ತು ನಿಮಿಷ ಕೂತು, ನಿಮ್ಮ ಮನೆಯಲ್ಲಿ ಏನು ಮಾಡುತ್ತಾರೆ, ಯಾವುದು ನಿನಗೆ ಇನ್ನೂ ಅರ್ಥವಾಗಿಲ್ಲ ಎಂದು ಕೇಳಿ. ಕನ್ನಡದಲ್ಲಿ ಬರೆಯಲು ಬಿಡಿ, ಮೌಖಿಕ ಪರೀಕ್ಷೆಯಲ್ಲಿ ಕನ್ನಡದಲ್ಲಿ ಉತ್ತರಿಸಲು ಬಿಡಿ. ಗೂಡು, ಚಾಕಿ, ಜ್ವರ, ತರಗು ಬೆಂಕಿ ಎಂಬ ಮಾತುಗಳನ್ನು ಪ್ರಬಂಧದಲ್ಲಿ ಹಾಗೇ ಉಳಿಸಿ. ಮೊದಲ ಅಧ್ಯಾಯದಲ್ಲಿ ನಾನು ಈ ವಿಷಯಕ್ಕೆ ಯಾಕೆ ಬಂದೆ ಎಂದು ಒಂದು ಪುಟ ಬರೆಯಲು ಹೇಳಿ, ಕೊನೆಯ ಅಧ್ಯಾಯದಲ್ಲಿ ನಾನು ಅಂದುಕೊಂಡದ್ದರಲ್ಲಿ ಯಾವುದು ತಪ್ಪಾಯಿತು ಎಂದು ಇನ್ನೊಂದು ಪುಟ. ಈ ಎರಡು ಪುಟಗಳನ್ನು ಯಾವ ಅಂಗಡಿಯೂ ಮಾರಲಾರದು.

ಚಾಮರಾಜನಗರದ ಸ್ನಾತಕೋತ್ತರ ಕೇಂದ್ರ 2023ರಲ್ಲಿ ಪ್ರತ್ಯೇಕ ವಿಶ್ವವಿದ್ಯಾನಿಲಯವಾಯಿತು. ಹೊಸ ವಿಶ್ವವಿದ್ಯಾನಿಲಯಗಳ ಭವಿಷ್ಯದ ಬಗ್ಗೆ ಆಮೇಲೆ ಚರ್ಚೆ ಎದ್ದದ್ದೂ ನಿಮಗೆ ಗೊತ್ತು. ಜಿಲ್ಲೆಗೆ ವಿಶ್ವವಿದ್ಯಾನಿಲಯ ಯಾಕೆ ಬೇಕು ಎಂದು ಕೇಳುವವರ ಮುಂದೆ ಇಡಲು ನಮ್ಮಲ್ಲಿ ಇರಬೇಕಾದದ್ದು ಇಂತಹ ಪ್ರಬಂಧಗಳು. ಮೌಲ್ಯಮಾಪನ ಮುಗಿದ ಮೇಲೆ ಅವು ಬೀರುವಿನ ಮೇಲೆ ಗೆದ್ದಲು ಹಿಡಿಯುವುದು ಬೇಡ. ಒಂದು ಪ್ರತಿ ಕಾಲೇಜಿನ ಗ್ರಂಥಾಲಯದಲ್ಲಿ ಊರಿನ ಹೆಸರಿನ ಪ್ರಕಾರ ಜೋಡಿಸಿಡಿ, ಮುಂದಿನ ವರ್ಷ ಅದೇ ಊರಿನಿಂದ ಬಂದ ವಿದ್ಯಾರ್ಥಿ ಅದರಿಂದ ಮುಂದಕ್ಕೆ ಹೋಗಲಿ. ಇನ್ನೊಂದು ಪ್ರತಿ ಆ ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಸೇರಲಿ. ಪೋಡಿನಲ್ಲಿ ಮಾಡಿದ ಅಧ್ಯಯನವಾದರೆ ಒಂದು ಸಂಜೆ ಎಲ್ಲರನ್ನೂ ಕೂರಿಸಿ ಓದಿ ಹೇಳಿ. ಅವರು ತಿದ್ದಿದ ಮಾತುಗಳನ್ನೂ ಬರೆದುಕೊಂಡು ಪ್ರಬಂಧದ ಕೊನೆಗೆ ಸೇರಿಸಿ, ಆಮೇಲೆ ರಟ್ಟು ಹಾಕಿಸಿ.

ವಿಷಯದ ಹೆಸರು ಕೊಡಲು ಇನ್ನೂ ಕೆಲವು ವಾರಗಳಿದ್ದರೆ, ಈ ಭಾನುವಾರ ಮನೆಗೆ ಹೋದಾಗ ಒಂದು ನೋಟ್‌ಬುಕ್ ತೆಗೆದುಕೊಂಡು ಹೋಗಿ. ಮೊದಲ ಪುಟದಲ್ಲಿ ಪ್ರಶ್ನೆ ಬರೆಯಿರಿ. ಎರಡನೇ ಪುಟದಲ್ಲಿ, ಅದಕ್ಕೆ ಉತ್ತರ ಗೊತ್ತಿರಬಹುದಾದ ಊರಿನ ಮೂರು ಜನರನ್ನು ಗುರುತು ಮಾಡಿಕೊಳ್ಳಿ, ಅವರಲ್ಲಿ ಒಬ್ಬರು ಶಾಲೆಗೇ ಹೋಗದವರಿರಲಿ. ಸೋಮವಾರ ಆ ಪುಸ್ತಕವನ್ನು ನಿಮ್ಮ ಮೇಷ್ಟರಿಗೆ ತೋರಿಸಿ.